ನಮ್ಮ ಮನೆಗಳಲ್ಲಿ ಮಸಿಬಣ್ಣದ ಸ್ಥಾನ

ಮನೆಯ ಒಳಗೋಡೆಗಳಿಗೆ ದಟ್ಟವಾದ ಬೂದುಬಣ್ಣವನ್ನು ಬಳಿಸುವ ರೂಢಿಯು ಈಚೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯಲ್ಲಿಯೂ ಕಾಣಬರುತ್ತಲಿದೆ. ನೀಲಿಗಾಗಲಿ ಕೆಂಪಿಗಾಗಲಿ ವಾಲದ ಈ ವರ್ಣವು ಪರದೇಶದಿಂದ ಬಂದ ಹೊಸ ಅಭಿರುಚಿಯೆಂದು ಹಲವರು ಭಾವಿಸಿರುವರು. ವಿಚಾರಿಸಿ ನೋಡಿದರೆ ಬಣ್ಣವು ನಮಗೆ ಹಳೆಯದೇ. ಅದು ಏರಿ ಕುಳಿತ ಸ್ಥಾನ ಮಾತ್ರವೇ ಹೊಸತು.

ಮೊದಲು ಹೆಸರಿನ ವಿಚಾರ. ಅಮರಸಿಂಹನು ತನ್ನ ಕೋಶದಲ್ಲಿ ‘ಧೂಸರ’ಕ್ಕೆ ಕೊಂಚ ಬಿಳುಪಾದುದೆಂದು ಅರ್ಥವನ್ನಿಟ್ಟಿರುವನು, ಹೊಗೆಯ ಹೆಸರನ್ನೇ ಹೊತ್ತ ‘ಧೂಮ್ರ’ವು ಅವನಲ್ಲಿ ಕರಿಗೆಂಪು. ಕನ್ನಡದ ‘ಬೂದು’ ಎಂಬುದಾದರೂ ಒಲೆಯ ಬೂದಿಯಿಂದ ಬಂದುದರಿಂದ ಮಾಸಲು ಬಿಳುಪಿನ ಕಡೆಗೇ ಸರಿಯುತ್ತದೆ. ಮಿಶ್ರವರ್ಣಗಳನ್ನು ಎಣಿಸಿ ಮುಗಿಸಲಾಗದೆಂದು ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಒಪ್ಪಿಕೊಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಚಿತ್ರಕ್ಕೆಂದು ಭಿತ್ತಿಯನ್ನು ಹದಗೊಳಿಸುವ, ಬಣ್ಣಗಳನ್ನು ಬೆರೆಸುವ ವಿಧಿಗಳುಂಟು. ಆದರೆ ನಾವು ಹೇಳಹೊರಟ ದಟ್ಟ ಬೂದುಬಣ್ಣವನ್ನು ತಯಾರಿಸುತ್ತಿದ್ದವರು ಶಾಸ್ತ್ರವನ್ನು ಓದಿದವರಲ್ಲ. ನಮ್ಮ ಮನೆಗಳ ಹೆಂಗಸರು.

ತೆಂಗಿನ ಕರಟವನ್ನು ಸುಟ್ಟು, ಆ ಇದ್ದಿಲನ್ನು ನುಣ್ಣಗೆ ಅರೆದು ಸಗಣಿಯಲ್ಲಿ ಕಲಸಿ, ಅಡಕೆಯ ಹಾಳೆಯ ತುಂಡಿನಿಂದ ನೆಲವನ್ನು ಸಾರಿಸುತ್ತಿದ್ದರು. ಒಣಗಿದ ಮೇಲೆ ನೆಲಕ್ಕೆ ಬರುತ್ತಿದ್ದ ಗಂಭೀರವಾದ ಮಸಿಬಣ್ಣವೇ ಇಂದಿನವರು ಡಬ್ಬಿಯಲ್ಲಿ ಕೊಂಡು ತರುವ ವರ್ಣಕ್ಕೆ ಹತ್ತಿರವಾದುದು. ಅದರ ಮೇಲೆ ರಂಗೋಲಿಯ ಬಿಳಿಗೆರೆ ಎದ್ದು ಕಾಣುತ್ತಿತ್ತು. ಬರಿಗಾಲಿಗೆ ತಂಪೂ ಇತ್ತು.

ಇದೇ ಬಣ್ಣವನ್ನು ಹಿರಿಯರು ಗೋಡೆಗೇಕೆ ಏರಿಸಲಿಲ್ಲ? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಗೋಡೆಗಳು ನೆನೆಯದಂತೆ ಸೂರನ್ನು ತಗ್ಗಾಗಿ ಇಳಿಸುವುದು ಅವಶ್ಯವಾಗಿತ್ತು, ಕಿಟಕಿಗಳೂ ಕಿರಿದಾಗಿದ್ದುವು. ಚೌಕಿಮನೆಗಳಲ್ಲಿ ಬೆಳಕು ನಡುವಣ ಅಂಗಳದಿಂದ ಚಾವಡಿಗೆ ಬಂದು, ಅಲ್ಲಿಂದ ಒಳಕೋಣೆಗೆ ಹೋಗಬೇಕು. ಅಳಿವೆಗಳಲ್ಲಿ ಆಯ್ದ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣದ ಬಿಳುಪು ಆ ಅಲ್ಪವಾದ ಬೆಳಕನ್ನು ಮುಂದಕ್ಕೆ ಕಳುಹಿಸುತ್ತಿತ್ತು. ಕಪ್ಪು ವರ್ಣವು ಬೆಳಕನ್ನು ನುಂಗುವುದು. ಆದುದರಿಂದ ಕಪ್ಪು ಕಾಲಡಿಯಲ್ಲಿಯೂ, ಬಿಳುಪು ಕಣ್ಣಿನ ಮಟ್ಟದಲ್ಲಿಯೂ, ಕಾವಿಯ ಕೆಂಪು ಅಂಚಿನಲ್ಲಿಯೂ ನಿಂತುವು. ಇದು ಹವೆಯನ್ನೂ ಬೆಳಕನ್ನೂ ಅರಿತು ಮಾಡಿದ ವ್ಯವಸ್ಥೆಯೇ ಸರಿ.

ಈ ವ್ಯವಸ್ಥೆ ಸಡಿಲಿದ್ದು ಕ್ರಮಕ್ರಮವಾಗಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಮುಳಿಹುಲ್ಲಿನ ಮಾಡುಗಳು ಕಡಮೆಯಾದುವು. ಹಂಚುಗಳ ನಡುವೆ ಇಟ್ಟ ಗಾಜಿನ ಹಂಚು ಕತ್ತಲೆಯ ಕೋಣೆಗೆ ಮೇಲಿನಿಂದಲೇ ಬೆಳಕನ್ನು ತಂದಿತು. ಮುಂದೆ ಸಿಮೆಂಟು ಬಂದಿತು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದಿದ್ದನು. 1914ರಲ್ಲಿ ಪೋರಬಂದರಿನಲ್ಲಿ ಅದರ ತಯಾರಿಕೆ ನಡೆಯತೊಡಗಿತು. ಅದರ ಬೂದುಬಣ್ಣಕ್ಕೆ ಮುಖ್ಯ ಕಾರಣ ಅದರಲ್ಲಿರುವ ಕಬ್ಬಿಣದ ಅಂಶ. ಕಬ್ಬಿಣದಿಂದಲೇ ಆದ ಕೆಂಪು, ಕಪ್ಪು ಪುಡಿಗಳನ್ನು ಸಿಮೆಂಟಿನಲ್ಲಿ ಬೆರೆಸಿ ತಿಕ್ಕಿದ ಗಾರೆಯ ನೆಲಗಳು ಸಗಣಿಯ ನೆಲದ ಸ್ಥಾನವನ್ನು ಪಡೆದುವು. ಸಾಮಗ್ರಿ ಬದಲಾದರೂ ಕಪ್ಪು ನೆಲದಲ್ಲಿಯೇ ಉಳಿಯಿತೆಂಬುದನ್ನು ವಾಚಕರು ಗಮನಿಸಬೇಕು.

ಈಗ ಅದು ಗೋಡೆಗೆ ಏರಿದೆ. ವಿಶಾಲವಾದ ಕಿಟಕಿಗಳೂ ವಿದ್ಯುದ್ದೀಪಗಳೂ ಉಳ್ಳ ಹೊಸ ಮನೆಯಲ್ಲಿ ಒಂದು ಗೋಡೆಗೆ ಈ ವರ್ಣವನ್ನು ಬಳಿದರೆ ಆಕ್ಷೇಪಿಸುವ ಕಾರಣವಿಲ್ಲ. ಮರದ ಪೀಠೋಪಕರಣವೂ ಹಿತ್ತಾಳೆಯ ದೀಪವೂ ಅದರ ಮುಂದೆ ಶೋಭಿಸುವುವು. ಹಳೆಯ ಮನೆಯ ಮಾತು ಬೇರೆ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿ, ಬೇಸಗೆಯಲ್ಲಿ ಸುಣ್ಣದ ಮೂಲಕ ಹೊರಗೆಡವುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಅಂಶದ ಬಣ್ಣದ ಪೊರೆಯನ್ನು ಹೊದಿಸಿದರೆ ತೇವವು ಒಳಗೇ ನಿಂತು, ಬಣ್ಣ ಗುಳ್ಳೆಯೆದ್ದು, ಗಾರೆ ಕಳಚುವುದು. ಕಾವಿಯ ಅಂಚಿದ್ದರೆ ಅದೂ ಮುಚ್ಚಿ ಹೋಗುವುದು. ಕೆರೆದು ತೆಗೆದರೂ ಹಿಂದಿನಂತಾಗದು.

ವಿಜಯನಾಥ ಶೆಣೈಯವರು ಕಳಚಿ ಹಾಳಾಗಲಿದ್ದ ಮನೆಗಳನ್ನು ತಂದು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದರು. ಹರ್ಕೂರಿನ ‘ಒಳಗಿನ ಮನೆ’ಯೂ ಅವುಗಳಲ್ಲೊಂದು. ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ. ಹಿರಿಯರ ಮನೆಯಲ್ಲಿ ವಾಸವಾಗಿರುವವರು ಬಣ್ಣದ ಅಂಗಡಿಗೆ ಹೋಗುವ ಮುನ್ನ, ಮಧ್ಯಾಹ್ನದ ಹೊತ್ತು ಒಳಕೋಣೆಯ ದೀಪವನ್ನು ಆರಿಸಿ ಬೆಳಕು ಎಲ್ಲಿಂದ ಬಂದು ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ನೋಡಿಕೊಳ್ಳಲಿ. ಯಾವ ಗೋಡೆಗೆ ಸುಣ್ಣ ಬೇಕು, ಎಲ್ಲಿ ಮಸಿಬಣ್ಣ ಸಲ್ಲುತ್ತದೆ ಎಂಬುದಕ್ಕೆ ಮನೆಯೇ ಉತ್ತರ ಕೊಡುವುದು.