ಎರಡನೆಯ ಮಾತ್ರೆ ಯಾಕೆ ಬಂತು?

ಬಿಪಿಗೆಂದು ಅಮ್ಲೋಡಿಪಿನ್ ಶುರುಮಾಡಿದ ಕೆಲವರಿಗೆ ಪಾದದ ಗಂಟು ಊದಿಕೊಳ್ಳುತ್ತದೆ. ಇದು ಮಾತ್ರೆಯದೇ ಅಡ್ಡಪರಿಣಾಮ ಎಂದು ಹೊಳೆಯದಿದ್ದರೆ ಊತ ಇಳಿಸಲು, ಮೂತ್ರ ಹೆಚ್ಚಿಸುವ ಇನ್ನೊಂದು ಮಾತ್ರೆ ಚೀಟಿಗೆ ಸೇರುತ್ತದೆ. ಎನಲಾಪ್ರಿಲ್ ತಂದ ಒಣಕೆಮ್ಮಿಗೆ ಸಿರಪ್ ಬರುವುದೂ ಹೀಗೆಯೇ. ರೋಗಿಗೆ ಇದರಿಂದ ನಷ್ಟವೇ. ಆದರೆ ಎರಡೂ ಔಷಧಗಳ ತಾರೀಖು ದಾಖಲೆಯಲ್ಲಿ ಉಳಿದರೆ, ಯಾರೂ ಗುರುತಿಸದ ಅಡ್ಡಪರಿಣಾಮಕ್ಕೆ ಆ ಎರಡನೆಯ ಮಾತ್ರೆಯೇ ಸುಳಿವಾಗುತ್ತದೆ.

ಔಷಧ ಮಾರುಕಟ್ಟೆಗೆ ಬಂದ ಮೇಲೂ ಅದರ ಮೇಲೆ ಕಣ್ಣಿಡಬೇಕೆಂಬ ಪಾಠ ಕಲಿಸಿದ್ದು, ಗರ್ಭಿಣಿಯರು ನುಂಗಿದ ಥಾಲಿಡೋಮೈಡ್ ಮಾತ್ರೆಯ ದುರಂತ. ಕೈಕಾಲು ಬೆಳೆಯದೆ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ, 1964ರಲ್ಲಿ ಬ್ರಿಟನ್ 'ಯೆಲ್ಲೋ ಕಾರ್ಡ್' ಪದ್ಧತಿ ತಂದಿತು: ಅನುಮಾನ ಬಂದ ವೈದ್ಯರು ಹಳದಿ ಕಾರ್ಡು ತುಂಬಿ ಕಳಿಸಬೇಕು. ಅನುಮಾನವೇ ಬಾರದಿದ್ದರೆ? ಹೃದ್ರೋಗಕ್ಕೆ ಕೊಡುತ್ತಿದ್ದ ಪ್ರಾಕ್ಟೊಲಾಲ್ ಕಣ್ಣುಗಳನ್ನು ಒಣಗಿಸಿ ಹಾಳುಮಾಡುತ್ತಿದ್ದುದನ್ನು ಆ ಕಾರ್ಡುಗಳು ಹೊತ್ತಿಗೆ ಸರಿಯಾಗಿ ಹೇಳಲಿಲ್ಲ. 1970ರ ದಶಕದ ನಡುವಿನಲ್ಲಿ ಅದನ್ನು ಬಯಲಿಗೆ ತಂದದ್ದು ಕಣ್ಣಿನ ವೈದ್ಯರು.

ಯೆಲ್ಲೋ ಕಾರ್ಡ್ ಕಟ್ಟಿದವರಲ್ಲೇ ಒಬ್ಬರಾದ ಬಿಲ್ ಇನ್‌ಮನ್ ಇದನ್ನು ಮರೆಯಲಿಲ್ಲ. 1980ರ ಸುಮಾರಿಗೆ ಸೌತಾಂಪ್ಟನ್‌ನಲ್ಲಿ ಅವರು ಬೇರೆಯೇ ದಾರಿ ಹಿಡಿದರು. ಔಷಧದಂಗಡಿಗಳ ಬಿಲ್ ಪಾವತಿಗಾಗಿ ಸರ್ಕಾರಿ ಕಚೇರಿ ಸೇರುತ್ತಿದ್ದ ಚೀಟಿಗಳಿಂದ ಹೊಸ ಔಷಧ ಪಡೆದವರನ್ನು ಗುರುತಿಸಿ, ಅವರ ವೈದ್ಯರಿಗೆ ಹಸಿರು ಫಾರಂ ಕಳಿಸಿದರು. ಔಷಧವೇ ಕಾರಣವೆಂದು ಅನಿಸಬೇಕಿರಲಿಲ್ಲ, ಆಮೇಲೆ ಏನೇನಾಯಿತು ಎಂದು ಬರೆದರೆ ಸಾಕಿತ್ತು. ಲೆಕ್ಕ ಹಾಕಲೆಂದೇ ಇರಿಸಿದ್ದ ಕಾಗದದಿಂದ ಜೀವ ಉಳಿಸುವ ಮಾಹಿತಿ ತೆಗೆದದ್ದು ದೊಡ್ಡ ಹೆಜ್ಜೆಯೆಂದೇ ನನ್ನ ಎಣಿಕೆ.

ಫಾರಂ ಕೂಡ ಬೇಡವೆನಿಸಿದ ವಿಧಾನವನ್ನು ಡೆನ್ಮಾರ್ಕ್‌ನ ಯೆಸ್ಪರ್ ಹಲ್ಲಾಸ್ 1996ರಲ್ಲಿ ಮುಂದಿಟ್ಟರು. ಹೃದಯ, ರಕ್ತದೊತ್ತಡದ ಔಷಧಗಳು ಖಿನ್ನತೆ ತರುತ್ತವೆಯೇ ಎಂಬುದು ಅವರ ಪ್ರಶ್ನೆ. ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆ ಎರಡನ್ನೂ ಶುರುಮಾಡಿದವರನ್ನು ಮಾತ್ರ ತೆಗೆದುಕೊಳ್ಳಿ. ನಂಟಿಲ್ಲದಿದ್ದರೆ ಬಿಪಿ ಮಾತ್ರೆ ಮೊದಲು ಶುರುಮಾಡಿದವರೂ ಖಿನ್ನತೆಯ ಮಾತ್ರೆ ಮೊದಲು ಶುರುಮಾಡಿದವರೂ ಹೆಚ್ಚುಕಡಿಮೆ ಸಮನಾಗಿರಬೇಕು. ಬಿಪಿ ಮಾತ್ರೆಯನ್ನೇ ಮೊದಲು ಶುರುಮಾಡಿದವರು ಎದ್ದು ಕಾಣುವಷ್ಟು ಹೆಚ್ಚಿದ್ದರೆ ಅನುಮಾನಿಸಬೇಕು. ಒಬ್ಬರದೇ ಹಿಂದುಮುಂದನ್ನು ಹೋಲಿಸುವುದರಿಂದ ಲಿಂಗ, ಹುಟ್ಟುಗುಣಗಳಂಥ ಬದಲಾಗದ ಸಂಗತಿಗಳು ಲೆಕ್ಕ ಕೆಡಿಸುವುದಿಲ್ಲ. ಯಾವುದೋ ಔಷಧದ ಬಳಕೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದನ್ನು ಸರಿದೂಗಿಸಿಕೊಳ್ಳಬೇಕು. ಮಿತಿಯೂ ಇದೆ: ಮಾತ್ರೆ ಬರೆಯದೆ ಬಿಟ್ಟ ತೊಂದರೆ ಈ ಜಾಲಕ್ಕೆ ಬೀಳುವುದಿಲ್ಲ. ಸಿಕ್ಕಿದ್ದೂ ಸುಳಿವು ಮಾತ್ರ, ತೀರ್ಪಲ್ಲ.

2004ರಲ್ಲಿ ನೋವಿನ ಮಾತ್ರೆ ವಯಾಕ್ಸ್ ಹೃದಯಾಘಾತದ ಅಪಾಯದಿಂದಾಗಿ ಮಾರುಕಟ್ಟೆಯಿಂದ ಹಿಂದೆ ಸರಿದ ಮೇಲೆ ಅಮೆರಿಕವೂ ಎಚ್ಚೆತ್ತು, 2008ರಲ್ಲಿ ವಿಮಾ ದಾಖಲೆಗಳನ್ನು ಜೋಡಿಸುವ 'ಸೆಂಟಿನೆಲ್' ಯೋಜನೆ ಆರಂಭಿಸಿತು.

ಭಾರತದಲ್ಲಿ 2010ರಿಂದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮವಿದೆ, ಗಾಜಿಯಾಬಾದಿನಿಂದ ನಡೆಯುತ್ತಿದೆ. ಅದು ಬಹುಮಟ್ಟಿಗೆ ವೈದ್ಯರು, ರೋಗಿಗಳು ತಾವಾಗಿ ಕೊಡುವ ವರದಿಗಳನ್ನೇ ನಂಬಿದೆ. ನಮ್ಮ ಚೀಟಿ ರೋಗಿಯ ಜೇಬಿನಲ್ಲೇ ಉಳಿಯುತ್ತದೆ. ಮೆಡಿಕಲ್ ಶಾಪಿನವರು ನೋಡಿ ಮರಳಿಸುತ್ತಾರೆ, ಎಷ್ಟೋ ಸಲ ಕೇಳುವುದೂ ಇಲ್ಲ. 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಟ್ಟು ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದ್ದರೂ ಅಮ್ಲೋಡಿಪಿನ್ ಆ ಪಟ್ಟಿಯಲ್ಲಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರು ಮಾತ್ರೆಗಾಗಿ ಮತ್ತೆ ಮತ್ತೆ ಬರುತ್ತಾರೆ. ಹೆಸರು ಮರೆಮಾಡಿ, ಗುರುತಿನ ಸಂಖ್ಯೆ, ಔಷಧ, ತಾರೀಖು ಇಷ್ಟನ್ನು ಒಂದೆಡೆ ಕೂಡಿಸಿದರೂ ಹಲ್ಲಾಸ್ ಮಾಡಿದ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬಹುದು.