ತಪ್ಪು ಗ್ರಹಿಕೆ ಮತ್ತು ನಗೆಚಿತ್ರ: ಬಾದಾಮಿಯಿಂದ ಬೇಗಂಪೇಟೆಯವರೆಗೆ ಒಂದು ಅಧ್ಯಯನ

ಪೀಠಿಕೆ

ಹಳೆಯ ನಗೆಪತ್ರಿಕೆಗಳ ಪುಟ ತಿರುವಿದವರಿಗೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಒಂದನ್ನು ಇನ್ನೊಂದೆಂದು ತಿಳಿದು ಪೇಚಿಗೆ ಸಿಕ್ಕವರ ಚಿತ್ರಗಳು ಅವುಗಳಲ್ಲಿ ಹೇರಳವಾಗಿವೆ. ಮಾತು ಅಪಾರ್ಥವಾಗುತ್ತದೆ, ಗುರುತು ತಪ್ಪುತ್ತದೆ, ಎಣಿಕೆ ಕೆಡುತ್ತದೆ, ನೋಡುವವರು ನಗುತ್ತಾರೆ. ಈ ನಗೆ ಎಲ್ಲಿಂದ ಹುಟ್ಟಿತು ಎಂದು ಕೇಳುವ ಮೊದಲು ತಪ್ಪಿದವರು ಯಾರು ಎಂದು ಕೇಳಬೇಕು. ಕೆಲವು ಚಿತ್ರಗಳಲ್ಲಿ ತಪ್ಪುವವನು ಚಿತ್ರದೊಳಗಿನ ಪಾತ್ರ ಮಾತ್ರ. ನೋಡುಗ ದಡದ ಮೇಲೆ ಕ್ಷೇಮವಾಗಿರುತ್ತಾನೆ. ಇನ್ನು ಕೆಲವು ನೋಡುಗನನ್ನೇ ಮೊದಲು ಎಡವಿಸಿ, ಆಮೇಲೆ ತಿದ್ದಿ, ಆ ತಿದ್ದುಪಡಿಯಲ್ಲಿ ನಗಿಸುತ್ತವೆ. ಚಿತ್ರಹಾಸ್ಯದ ಚರಿತ್ರೆಯಲ್ಲಿ ಬಾಳಿಕೆ ಬಂದದ್ದೂ ಜನರಿಗೆ ಉಪಕಾರವಾದದ್ದೂ ಈ ಎರಡನೆಯ ಬಗೆ ಎಂಬುದು ಪ್ರಸ್ತುತ ಲೇಖನದ ವಾದ. ಆಧಾರವಾಗಿ ಬಾದಾಮಿಯ ಒಂದು ಉಬ್ಬುಶಿಲ್ಪ, ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕೆಲವು ಮುದ್ರಿತ ಚಿತ್ರಗಳು, ಬೇಗಂಪೇಟೆಯ ವೈಜ್ಞಾನಿಕ ಶೋಧದಿಂದ ಮುಂದೆ ಹುಟ್ಟಿದ ಒಂದು ಕೈಪಿಡಿ ಹಾಗೂ ಕನ್ನಡದ ನಗೆಪತ್ರಿಕೆ ‘ಕೊರವಂಜಿ’ಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಲಕ್ಷಣಕಾರರು ಕಂಡ ಭ್ರಾಂತಿ

ಒಂದನ್ನು ಮತ್ತೊಂದೆಂದು ತಿಳಿಯುವುದನ್ನು ನಮ್ಮ ಲಕ್ಷಣಕಾರರು ಬಹು ಹಿಂದೆಯೇ ಕಾವ್ಯದ ಸಾಮಗ್ರಿಯೆಂದು ಗುರುತಿಸಿದ್ದರು. ದಂಡಿಯ ‘ಕಾವ್ಯಾದರ್ಶ’ದಲ್ಲಿ ಮೋಹೋಪಮೆ, ಸಂಶಯೋಪಮೆಗಳು ಉಪಮೆಯ ಪ್ರಭೇದಗಳಾಗಿವೆ. ‘ಕವಿರಾಜಮಾರ್ಗ’ ಬಹುಮಟ್ಟಿಗೆ ದಂಡಿಯ ದಾರಿಯಲ್ಲೇ ನಡೆದ ಗ್ರಂಥವೆಂಬುದು ಎಲ್ಲರಿಗೂ ತಿಳಿದದ್ದೇ. ಮುಂದೆ ಮಮ್ಮಟನ ‘ಕಾವ್ಯಪ್ರಕಾಶ’ದಲ್ಲಿ ಸಂದೇಹವೂ ಭ್ರಾಂತಿಮಾನ್ ಎಂಬುದೂ ಸ್ವತಂತ್ರ ಅಲಂಕಾರಗಳಾಗಿ ಬರುತ್ತವೆ. ಮುಖವನ್ನು ಕಮಲವೆಂದು ಬಗೆದು ದುಂಬಿ ಎರಗಿದರೆ ಅದು ಭ್ರಾಂತಿ. ಮುಖವೋ ಕಮಲವೋ ಎಂದು ಮನಸ್ಸು ತೂಗಾಡಿದರೆ ಅದು ಸಂದೇಹ.

ಭರತನ ‘ನಾಟ್ಯಶಾಸ್ತ್ರ’ದ ಆರನೆಯ ಅಧ್ಯಾಯ ಹಾಸ್ಯವನ್ನು ಎರಡಾಗಿ ವಿಂಗಡಿಸುತ್ತದೆ: ತಾನೇ ನಗುವುದು ಆತ್ಮಸ್ಥ, ಇತರರನ್ನು ನಗಿಸುವುದು ಪರಸ್ಥ. ನಗೆ ಎಲ್ಲಿ ನೆಲೆಸಿದೆ ಎಂಬುದು ಅವನ ಪ್ರಶ್ನೆ. ಚಿತ್ರಗಳ ವಿಷಯಕ್ಕೆ ಬಂದಾಗ ಭ್ರಾಂತಿ ಎಲ್ಲಿ ನೆಲೆಸಿದೆ ಎಂಬ ಪ್ರಶ್ನೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ಬಾದಾಮಿಯ ಆನೆ, ಮ್ಯೂನಿಕ್ಕಿನ ಬಾತುಕೋಳಿ

ಬಾದಾಮಿಯ ಮೊದಲನೆಯ ಗುಹೆ ಆರನೆಯ ಶತಮಾನದ ಚಾಲುಕ್ಯರ ಕೆಲಸ. ಅಲ್ಲಿ ತ್ರಿಶೂಲ ಹಿಡಿದು ನಿಂತ ಶೈವ ದ್ವಾರಪಾಲಕನ ಕೆಳಗೆ ಒಂದು ಚಿಕ್ಕ ಉಬ್ಬುಶಿಲ್ಪವಿದೆ. ಎರಡು ಪ್ರಾಣಿಗಳ ಮೈ, ಆದರೆ ತಲೆ ಒಂದೇ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ನೋಡಿದರೆ ಎತ್ತು. ಆನೆಯ ಮೈಯನ್ನು ಕೈಯಿಂದ ಮರೆಮಾಡಿದರೆ ಉಳಿದದ್ದು ಪೂರ್ಣವಾದ ಎತ್ತು. ಎತ್ತಿನ ಮೈ ಮುಚ್ಚಿದರೆ ಪೂರ್ಣವಾದ ಆನೆ. ಎರಡನ್ನೂ ಒಟ್ಟಿಗೆ ಹಿಡಿಯಲು ಹೊರಟ ಕಣ್ಣು ಸೋಲುತ್ತದೆ. ವೃಷಭಕುಂಜರವೆಂದು ಕರೆಯುವ ಈ ರಚನೆ ಮುಂದೆ ಹನ್ನೆರಡನೆಯ ಶತಮಾನದಲ್ಲಿ ಚೋಳರ ದಾರಾಸುರದ ಐರಾವತೇಶ್ವರ ಗುಡಿಯಲ್ಲೂ ಕಾಣಿಸಿಕೊಂಡಿತು. ಇಲ್ಲಿ ಮೂರ್ಖನಾದ ಪಾತ್ರವೇ ಇಲ್ಲ. ತಪ್ಪುವ ಕಣ್ಣು ನೋಡುವವನದು, ತಿದ್ದಿಕೊಳ್ಳುವ ಕಣ್ಣೂ ಅವನದೇ.

ಇದೇ ಉಪಾಯ 1892ರ ಅಕ್ಟೋಬರ್ 23ರಂದು ಮ್ಯೂನಿಕ್ಕಿನ ‘ಫ್ಲೀಗೆಂಡೆ ಬ್ಲೆಟರ್’ ಎಂಬ ಜರ್ಮನ್ ನಗೆಪತ್ರಿಕೆಯಲ್ಲಿ ಅಚ್ಚಾಯಿತು. ಒಂದು ತಲೆ, ಎಡಕ್ಕೆ ನೋಡಿದರೆ ಬಾತುಕೋಳಿಯ ಕೊಕ್ಕು, ಬಲಕ್ಕೆ ನೋಡಿದರೆ ಮೊಲದ ಮೂತಿ. ಕೊಕ್ಕಿನ ಎರಡು ಭಾಗಗಳೇ ಮೊಲದ ಎರಡು ಕಿವಿ. ಪರಸ್ಪರ ಹೆಚ್ಚು ಹೋಲುವ ಪ್ರಾಣಿಗಳು ಯಾವುವು ಎಂಬ ತುಂಟ ಪ್ರಶ್ನೆ ಚಿತ್ರದ ಜೊತೆಗಿತ್ತು. ಮರುತಿಂಗಳೇ ಅಮೆರಿಕದ ‘ಹಾರ್ಪರ್ಸ್ ವೀಕ್ಲಿ’ ಅದನ್ನು ಎತ್ತಿಕೊಂಡಿತು. 1899ರಲ್ಲಿ ಮನೋವಿಜ್ಞಾನಿ ಜೋಸೆಫ್ ಜಾಸ್ಟ್ರೋ ತನ್ನ ವಾದಕ್ಕೆ ಬಳಸಿಕೊಂಡ. 1953ರಲ್ಲಿ ಪ್ರಕಟವಾದ ವಿಟ್‌ಗೆನ್‌ಸ್ಟೈನನ ‘ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್’ ಗ್ರಂಥದಿಂದ ಅದು ತತ್ವಶಾಸ್ತ್ರದ ಪಾಠವಾಯಿತು. ಈ ಪಯಣದಲ್ಲಿ ಚಿತ್ರ ಉಳಿಯಿತು, ತುಂಟ ಪ್ರಶ್ನೆ ಹಿಂದೆ ಬಿತ್ತು. ನಗೆಚಿತ್ರವಾಗಿ ಹುಟ್ಟಿದ್ದು ಇಂದು ಬಹಳ ಜನರಿಗೆ ಬರಿಯ ದೃಷ್ಟಿಪರೀಕ್ಷೆಯಾಗಿ ಪರಿಚಿತ. ಅಡಿಬರಹ ಕಳಚಿದರೆ ನಗೆಚಿತ್ರದ ಚರಿತ್ರೆಯೇ ಕಳಚುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹತ್ತನೆಯವನ ಕಥೆ ಮತ್ತು ಲಂಡನ್ನಿನ ಅಚ್ಚು

ಹೊಳೆ ದಾಟಿದ ಹತ್ತು ಜನ ತಮ್ಮನ್ನು ಎಣಿಸಿಕೊಳ್ಳುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುವುದರಿಂದ ಲೆಕ್ಕಕ್ಕೆ ಒಂಬತ್ತೇ ಸಿಗುತ್ತದೆ. ಒಬ್ಬ ನೀರುಪಾಲಾದನೆಂದು ಗೋಳಾಡುವವರಿಗೆ ದಾರಿಹೋಕನೊಬ್ಬ ‘ಹತ್ತನೆಯವನು ನೀನೇ’ ಎಂದು ತೋರಿಸಿಕೊಡುತ್ತಾನೆ. ಶೃಂಗೇರಿಯ ವಿದ್ಯಾರಣ್ಯರು ‘ಪಂಚದಶಿ’ಯ ತೃಪ್ತಿದೀಪ ಪ್ರಕರಣದಲ್ಲಿ ಆತ್ಮಜ್ಞಾನದ ಹಂತಗಳನ್ನು ವಿವರಿಸಲು ಈ ಕಥೆಯನ್ನೇ ಆಶ್ರಯಿಸಿದ್ದಾರೆ. ಮರೆತವನೂ ತಾನೇ, ಸಿಕ್ಕವನೂ ತಾನೇ. ವೇದಾಂತದ ಓದುಗ ಇಲ್ಲಿ ಬೇರೆಯವರನ್ನು ನೋಡಿ ನಗುವಂತಿಲ್ಲ, ಆ ಹತ್ತರಲ್ಲಿ ಅವನೂ ಒಬ್ಬ.

ಹದಿನೆಂಟನೆಯ ಶತಮಾನದಲ್ಲಿ ತಮಿಳುನಾಡಿನಲ್ಲಿದ್ದ ಇಟಲಿಯ ಜೆಸ್ವಿಟ್ ಪಾದ್ರಿ ಬೆಸ್ಕಿ (1680–1747), ತಮಿಳರ ವೀರಮಾಮುನಿವರ್, ಪರಮಾರ್ಥ ಗುರು ಮತ್ತು ಅವನ ಐವರು ಶಿಷ್ಯರ ಕಥೆಗಳನ್ನು ಬರೆದರು. ಎಣಿಕೆ ತಪ್ಪಿದ ಪ್ರಸಂಗ ಅಲ್ಲಿಯೂ ಇದೆ. ಕುಂಬಳಕಾಯಿಯನ್ನು ಕುದುರೆಯ ಮೊಟ್ಟೆಯೆಂದು ನಂಬಿ ಕೊಳ್ಳುವುದು, ಕಾಯಿ ಬಿದ್ದೊಡೆದಾಗ ಪೊದೆಯಿಂದ ಓಡಿದ ಮೊಲವನ್ನು ಮರಿಕುದುರೆಯೆಂದು ಬೆನ್ನಟ್ಟುವುದು ಅವರ ಇನ್ನೊಂದು ಸಾಹಸ. ಬೆಂಜಮಿನ್ ಬ್ಯಾಬಿಂಗ್ಟನ್ 1822ರಲ್ಲಿ ಇದನ್ನು ಇಂಗ್ಲಿಷಿಗೆ ತಂದ. 1861ರಲ್ಲಿ ಲಂಡನ್ನಿನ ಟ್ರೂಬ್ನರ್ ಸಂಸ್ಥೆ ಆಲ್‌ಫ್ರೆಡ್ ಕ್ರೋಕ್ವಿಲ್ ರಚಿಸಿದ ಐವತ್ತು ಚಿತ್ರಗಳೊಡನೆ ಹೊಸ ಆವೃತ್ತಿ ಹೊರಡಿಸಿತು. ಶಿಷ್ಯರಿಗೆ ನೂಡಲ್, ಡೂಡಲ್, ವೈಸೇಕರ್, ಜೇನಿ, ಫೂಜಲ್ ಎಂದು ಮರುನಾಮಕರಣವಾಯಿತು. ಕಥೆ ಕೇಳುವಾಗ ಕೇಳುಗನೂ ಒಂದು ಗಳಿಗೆ ಎಣಿಕೆಯಲ್ಲಿ ಸಿಕ್ಕಿಕೊಳ್ಳಬಹುದು. ಚಿತ್ರದಲ್ಲಾದರೆ ಆರೂ ಜನ ಒಂದೇ ಚೌಕಟ್ಟಿನೊಳಗೆ ಕಂಡುಬಿಡುತ್ತಾರೆ. ನೋಡುಗ ಮೊದಲ ನೋಟಕ್ಕೇ ದಾರಿಹೋಕನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಭ್ರಾಂತಿ ಪಾತ್ರದ ಪಾಲಿಗೆ, ಜಾಣತನ ನೋಡುಗನ ಪಾಲಿಗೆ ಎಂದು ಹಂಚಿಹೋಗುತ್ತದೆ. ನೋಡುಗ ಲಂಡನ್ನಿನವನಾಗಿ ಪಾತ್ರಗಳು ಭಾರತದವರಾದಾಗ ಈ ಹಂಚಿಕೆಗೆ ಆಳುವವರ–ಆಳಿಸಿಕೊಳ್ಳುವವರ ಭಾರವೂ ಸೇರುತ್ತದೆ.

ಆ ಭಾರ ಬಿಚ್ಚಿ ಕಾಣುವುದು ಲಂಡನ್ನಿನ ನಗೆಪತ್ರಿಕೆ ‘ಪಂಚ್’ನಲ್ಲಿ. ಎಫ್. ಆನ್‌ಸ್ಟಿ ಅದರಲ್ಲಿ ಬರೆದ ‘ಬಾಬೂ ಜಬ್ಬರ್ಜೀ, ಬಿ.ಎ.’ 1897ರಲ್ಲಿ ಬರ್ನಾರ್ಡ್ ಪಾರ್ಟ್ರಿಜ್ ಚಿತ್ರಗಳೊಂದಿಗೆ ಪುಸ್ತಕವಾಯಿತು. ಇಂಗ್ಲಿಷ್ ಕಲಿತ ಬಂಗಾಳಿ ಬಾಬು ಇಂಗ್ಲೆಂಡಿನ ಮಾತನ್ನೂ ರೀತಿನೀತಿಯನ್ನೂ ತಪ್ಪಾಗಿ ತಿಳಿಯುವುದೇ ಅದರ ಬಂಡವಾಳ. ಪರಭಾಷೆಯೊಂದನ್ನು ಕಷ್ಟಪಟ್ಟು ಕಲಿತವನು ನಗೆಪಾಟಲಾಗುತ್ತಾನೆ, ಅವನ ಭಾಷೆಯ ಗಂಧವೂ ಇಲ್ಲದ ಓದುಗ ಎಲ್ಲಿಯೂ ಎಡವುವುದಿಲ್ಲ. ಮೊದಲನೆಯ ಬಗೆಯ ಹಾಸ್ಯಕ್ಕೆ ಇದು ಪೂರ್ಣ ಮಾದರಿ.

ಬೇಗಂಪೇಟೆಯ ಸೊಳ್ಳೆ, ಸೈನಿಕರ ‘ಆ್ಯನ್’

ಅದೇ 1897ರಲ್ಲಿ ಆಳುವವರ ಕಡೆಯ ವೈದ್ಯನೊಬ್ಬ ಸಿಕಂದರಾಬಾದಿನ ಸೇನಾ ವಲಯದಲ್ಲಿ ತನ್ನ ತಪ್ಪು ಗ್ರಹಿಕೆಗಳೊಂದಿಗೆ ಹೆಣಗುತ್ತಿದ್ದ. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗಲೇ ತನ್ನ ಬಂಗಲೆಯ ಪಕ್ಕದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಮಾಡುವುದನ್ನು ಗಮನಿಸಿದ್ದ. 1895ರಲ್ಲಿ ಮಲೇರಿಯಾ ಸಂಶೋಧನೆಗೆ ಇಳಿದಾಗ ಗುರು ಪ್ಯಾಟ್ರಿಕ್ ಮ್ಯಾನ್ಸನ್‌ನ ಊಹೆಯನ್ನು ಹಿಡಿದು, ಸೊಳ್ಳೆ ಸತ್ತು ಬಿದ್ದ ನೀರು ಕುಡಿದರೆ ಜ್ವರ ಬರುತ್ತದೆಂದು ಪ್ರಯೋಗ ನಡೆಸಿದ. ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳನ್ನು ಸೀಳಿ ನೋಡಿ ಬೇಸತ್ತ. ಕೊನೆಗೆ ಚುಕ್ಕೆ ರೆಕ್ಕೆಯ ಸೊಳ್ಳೆಗಳಿಗೆ ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿಸಿದ. ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹಣ ಸಂದಿತು. 1897ರ ಆಗಸ್ಟ್ 20ರಂದು ಅಂಥ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡಿತು. 1902ರಲ್ಲಿ ನೊಬೆಲ್ ಬಂತು. ಈ ಶೋಧ ನಡೆದ ಕಟ್ಟಡ ಬೇಗಂಪೇಟೆಯಲ್ಲಿ ಹಳೆಯ ವಿಮಾನನಿಲ್ದಾಣದ ಬಳಿ ಇಂದಿಗೂ ರಾಸ್ ಹೆಸರಿನಲ್ಲಿ ನಿಂತಿದೆ.

ಈ ಶೋಧ ನಗೆಚಿತ್ರದ ಚರಿತ್ರೆಗೆ ಸೇರಿದ್ದು ನಲವತ್ತಾರು ವರ್ಷಗಳ ತರುವಾಯ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ 1942ರಲ್ಲಿ ಜಾವಾ ಹಿಡಿದಾಗ ಮಿತ್ರರಾಷ್ಟ್ರಗಳಿಗೆ ಕ್ವಿನೈನ್ ಸರಬರಾಜು ನಿಂತುಹೋಯಿತು. ಬದಲಿಗೆ ಕೊಟ್ಟ ಅಟಾಬ್ರಿನ್ ಮಾತ್ರೆ ಮೈಯನ್ನು ಹಳದಿಯಾಗಿಸುತ್ತಿತ್ತು, ಗಂಡಸುತನ ಕೆಡಿಸುತ್ತದೆಂಬ ಗಾಳಿಸುದ್ದಿಯೂ ಹಬ್ಬಿತ್ತು. ಅಂಥ ಸಂದರ್ಭದಲ್ಲಿ ಅಮೆರಿಕದ ಸೇನೆ 1943ರಲ್ಲಿ ‘ದಿಸ್ ಈಸ್ ಆ್ಯನ್’ ಎಂಬ ಪುಟ್ಟ ಕೈಪಿಡಿ ಹೊರಡಿಸಿತು. ಬರಹ ಮನ್ರೋ ಲೀಫ್‌ರದು, ಚಿತ್ರ ಮುಂದೆ ಡಾಕ್ಟರ್ ಸ್ಯೂಸ್ ಎಂದು ಮಕ್ಕಳ ಲೋಕವನ್ನು ಗೆದ್ದ ಥಿಯೋಡರ್ ಗೈಸೆಲ್‌ರದು. ಆ್ಯನ್ ನಿನ್ನನ್ನು ನೋಡಲು ಕಾತರಿಸುತ್ತಿದ್ದಾಳೆ ಎಂಬ ಧಾಟಿಯಲ್ಲಿ ಪರಿಚಯ ಮಾಡಿಸಿ, ಆಕೆ ರಕ್ತ ಕುಡಿಯುವವಳು, ಪೂರ್ತಿ ಹೆಸರು ಅನಾಫಿಲಿಸ್ ಸೊಳ್ಳೆ ಎಂದು ಬಯಲುಮಾಡುವುದು ಅದರ ಕ್ರಮ. ಸುಂದರಿಯೊಬ್ಬಳ ಸುದ್ದಿಯೆಂದು ಕಿವಿ ನಿಮಿರಿಸಿದ ಸೈನಿಕ ಸೊಳ್ಳೆಯನ್ನು ಎದುರುಗೊಳ್ಳುತ್ತಾನೆ. ಎಡವಿದವನೂ ಅವನೇ, ನಗುವವನೂ ಅವನೇ, ಸೊಳ್ಳೆಪರದೆ ಕಟ್ಟಿಕೊಳ್ಳಬೇಕಾದವನೂ ಅವನೇ. ಆಜ್ಞೆಯಾಗಿ ಬಂದಿದ್ದರೆ ರುಚಿಸದ ಉಪದೇಶ ಇಲ್ಲಿ ಅವನದೇ ಪೆಚ್ಚುತನದ ಜೊತೆಗೆ ಮನಸ್ಸಿಗಿಳಿಯುತ್ತದೆ.

ಈ ಕೈಪಿಡಿಗೆ ಒಂದು ಕುಂದೂ ಇದೆ. ರೋಗಕ್ಕೆ ಹೆಣ್ಣಿನ ವೇಷ ತೊಡಿಸಿದ್ದರಿಂದ ನಗೆಯ ಒಂದು ಪಾಲು ಹೆಣ್ಣಿನ ಮೇಲಿನ ಅಪನಂಬಿಕೆಯಾಗಿ ತಿರುಗುತ್ತದೆ. ಕಚ್ಚುವುದು ಹೆಣ್ಣುಸೊಳ್ಳೆ ಎಂಬ ವೈಜ್ಞಾನಿಕ ಸತ್ಯ ಈ ವೇಷಕ್ಕೆ ನೆಪವಾಗಬಹುದು, ಸಮರ್ಥನೆಯಾಗಲಾರದು.

ವೈದ್ಯರ ‘ಕೊರವಂಜಿ’

ಆ್ಯನ್ ಹುಟ್ಟುವ ಒಂದು ವರ್ಷ ಮೊದಲು, 1942ರಲ್ಲಿ, ಬೆಂಗಳೂರಿನಲ್ಲಿ ಇನ್ನೊಬ್ಬ ವೈದ್ಯರು ನಗೆಯನ್ನು ಕೈಗೆತ್ತಿಕೊಂಡಿದ್ದರು. ‘ರಾಶಿ’ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಆರಂಭಿಸಿದ ‘ಕೊರವಂಜಿ’ 1967ರವರೆಗೆ ಇಪ್ಪತ್ತೈದು ವರ್ಷ ನಡೆಯಿತು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಮನುಷ್ಯ ತನ್ನ ಬಗ್ಗೆಯೇ ತಪ್ಪು ತಿಳಿಯುವ ಬಗೆಯನ್ನು ವೈದ್ಯರಾಗಿ ಬಲ್ಲವರು ಅದನ್ನೇ ಸಂಪಾದಕರಾಗಿ ನಗೆಗೆ ಒಗ್ಗಿಸಿದರು. ನಾ. ಕಸ್ತೂರಿಯವರ ‘ಅನರ್ಥಕೋಶ’ ಪದಗಳಿಗೆ ಬೇಕೆಂದೇ ಅಡ್ಡ ಅರ್ಥ ಹೇಳಿ ನಗಿಸಿತು. ಟಿ. ಸುನಂದಮ್ಮ ಸಂಸಾರದೊಳಗಿನ ಸಣ್ಣಪುಟ್ಟ ಎಡವಟ್ಟುಗಳನ್ನು ಮನೆಯವರ ಕಣ್ಣಿನಿಂದಲೇ ಬರೆದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ವರ್ಷಗಳಲ್ಲಿ ಈ ಪತ್ರಿಕೆಗೆ ಚಿತ್ರ ಬರೆದರು. ಮುಂದೆ ಅವರು ಸೃಷ್ಟಿಸಿದ, ಚೌಕುಳಿ ಕೋಟು ಮತ್ತು ಧೋತರದ ‘ಶ್ರೀಸಾಮಾನ್ಯ’ ಮಾತನಾಡದೆ ಚೌಕಟ್ಟಿನೊಳಗೆ ನಿಂತು ದೊಡ್ಡವರ ಎಡವಟ್ಟುಗಳಿಗೆ ಸಾಕ್ಷಿಯಾದ. ನೋಡುಗನ ಪ್ರತಿನಿಧಿ ಚಿತ್ರದೊಳಕ್ಕೇ ಬಂದದ್ದರಿಂದ ಪರಿಣಾಮ ಅನುಭವಿಸುವವರಲ್ಲಿ ನಾವೂ ಸೇರಿದ್ದೇವೆಂಬುದು ಮರೆಯದಂತಾಯಿತು.

ಬಾಬುವನ್ನು ಗೇಲಿಮಾಡಿದ ಹಾಸ್ಯಕ್ಕೂ ‘ಕೊರವಂಜಿ’ಯ ಹಾಸ್ಯಕ್ಕೂ ಇರುವ ಅಂತರ ಇದೇ. ಇಲ್ಲಿ ಬರೆದವರು, ಚಿತ್ರಿಸಿದವರು, ಓದಿದವರು, ಪೇಚಿಗೆ ಸಿಕ್ಕವರು ಎಲ್ಲರೂ ಒಂದೇ ಓಣಿಯವರು.

ಉಪಸಂಹಾರ

ತಪ್ಪು ಗ್ರಹಿಕೆಯ ಚಿತ್ರವನ್ನು ಅಳೆಯಬೇಕಾದ ಮಾನದಂಡ ಮೇಲಿನ ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ. ನೋಡುಗನನ್ನು ತಪ್ಪಿನಲ್ಲಿ ಪಾಲುದಾರನನ್ನಾಗಿ ಮಾಡುವ ಚಿತ್ರ ತಿಳಿವನ್ನು ಕೊಡುತ್ತದೆ. ಅವನನ್ನು ಎತ್ತರದಲ್ಲಿ ಕೂರಿಸಿ ಬೇರೆಯವರ ತಪ್ಪು ತೋರಿಸುವ ಚಿತ್ರ ಅವನ ಜಂಬವನ್ನಷ್ಟೇ ಬೆಳೆಸುತ್ತದೆ. ಬಾದಾಮಿಯ ಶಿಲ್ಪಿ ಹಿಡಿದದ್ದು ನೋಡುಗನನ್ನು ಪಾಲುದಾರನನ್ನಾಗಿಸುವ ದಾರಿ, ‘ಕೊರವಂಜಿ’ಯದೂ ಅದೇ.

ಈ ಚರಿತ್ರೆಯ ಕನ್ನಡದ ಭಾಗ ಪೂರ್ಣವಾಗಿ ಬರೆಯಬೇಕಾದರೆ ಹಳೆಯ ಸಂಚಿಕೆಗಳ ಜೊತೆಗೆ ಆರೋಗ್ಯ ಇಲಾಖೆಗಳ ಭಿತ್ತಿಪತ್ರ, ಪಠ್ಯಪುಸ್ತಕ, ಜಾಹೀರಾತುಗಳ ಚಿತ್ರಗಳೂ ಸಂಗ್ರಹವಾಗಬೇಕು. 1968ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉರ್ದು ಹಾಸ್ಯ ಮಾಸಿಕ ‘ಶಗೂಫಾ’ವನ್ನೂ ‘ಕೊರವಂಜಿ’ಯನ್ನೂ ಒಟ್ಟಿಗಿಟ್ಟು ನೋಡುವ ಕೆಲಸ ಎರಡೂ ಭಾಷೆ ಬಲ್ಲ ಕಲಬುರಗಿ, ಬೀದರ್, ರಾಯಚೂರುಗಳ ಯುವ ಸಂಶೋಧಕರಿಂದ ಆಗಬಹುದಾದದ್ದು. ಗ್ರಂಥಾಲಯಗಳಲ್ಲೂ ಮನೆಗಳಲ್ಲೂ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡುವವರಲ್ಲಿ ಒಂದು ಬಿನ್ನಹ: ಚಿತ್ರವನ್ನಷ್ಟೇ ಕತ್ತರಿಸಿ ಇಡಬೇಡಿ. ಅಡಿಬರಹ, ಚಿತ್ರಕಾರರ ಹೆಸರು, ಸಂಚಿಕೆಯ ದಿನಾಂಕಗಳನ್ನೂ ಸೇರಿಸಿ ಇಡೀ ಪುಟವನ್ನು ಉಳಿಸಿ.