ಎಡ್ಜ್‌ವುಡ್ ಮತ್ತು ಅಲಮೋ ಹೈಟ್ಸ್: ಒಂದು ಶಾಲಾ ವ್ಯಾಜ್ಯದ ಚರಿತ್ರೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ್ವಜನಿಕ ವಿದ್ಯಾಭ್ಯಾಸದ ಭಾರವು ಬಹುಮಟ್ಟಿಗೆ 'ಶಾಲಾ ಜಿಲ್ಲೆ'ಗಳ ಮೇಲಿರುವುದು. ಜಿಲ್ಲೆಯೆಂದ ಮಾತ್ರಕ್ಕೆ ನಮ್ಮ ಜಿಲ್ಲೆಗಳಂತೆ ವಿಶಾಲವಾದ ಪ್ರಾಂತವೆಂದು ವಾಚಕರು ತಿಳಿಯಬಾರದು. ಒಂದು ಪಟ್ಟಣವೋ, ಮಹಾನಗರದ ಅಂಚಿನ ಒಂದು ಉಪನಗರವೋ ತನ್ನದೇ ಆದ ಮಂಡಲಿಯನ್ನು ಚುನಾಯಿಸಿಕೊಂಡು, ತನ್ನ ಎಲ್ಲೆಯೊಳಗಿನ ಮನೆ, ಭೂಮಿ, ಕಾರ್ಖಾನೆಗಳ ಮೇಲೆ ತೆರಿಗೆ ಹಾಕಿ, ಆ ಹಣವನ್ನೂ ಸರ್ಕಾರದ ಸಹಾಯಧನವನ್ನೂ ಕೂಡಿಸಿ ಶಾಲೆಗಳನ್ನು ನಡೆಸುವುದಾದರೆ ಅದೇ ಒಂದು ಶಾಲಾ ಜಿಲ್ಲೆ. ನಮ್ಮಲ್ಲಿ ಸರ್ಕಾರೀ ಶಾಲೆಯ ಉಪಾಧ್ಯಾಯರ ಸಂಬಳವು ರಾಜ್ಯದ ಬೊಕ್ಕಸದಿಂದ ಬರುವುದರಿಂದ, ಊರಿನ ಐಶ್ವರ್ಯಕ್ಕೂ ಉಪಾಧ್ಯಾಯರ ವೇತನಕ್ಕೂ ನೇರವಾದ ಗಂಟಿಲ್ಲ. ಅಲ್ಲಿ ಆ ಗಂಟು ಬಲವಾದುದು. ಅದರ ಪರಿಣಾಮವೇನೆಂಬುದನ್ನು ಸ್ಥಾಲೀಪುಲಾಕ ನ್ಯಾಯದಿಂದ ಒಂದು ನಿದರ್ಶನದ ಮೂಲಕ ಪರಿಶೀಲಿಸೋಣ.

ಟೆಕ್ಸಾಸ್ ಸಂಸ್ಥಾನದ ಸ್ಯಾನ್ ಆಂಟೋನಿಯೋ ನಗರ ಪ್ರದೇಶವು ಏಳು ಶಾಲಾ ಜಿಲ್ಲೆಗಳಾಗಿ ಒಡೆದಿದ್ದಿತು. ನಗರದ ಪಶ್ಚಿಮಕ್ಕೆ ಎಡ್ಜ್‌ವುಡ್. ಉತ್ತರಕ್ಕೆ, 1922ರಲ್ಲಿ ಪ್ರತ್ಯೇಕ ಪುರವಾದ ಅಲಮೋ ಹೈಟ್ಸ್ ಎಂಬ ಉಪನಗರ. 1967–68ರಲ್ಲಿ ಎಡ್ಜ್‌ವುಡ್ಡಿನ 25 ಶಾಲೆಗಳಲ್ಲಿ ಸುಮಾರು 22,000 ಮಕ್ಕಳು ಓದುತ್ತಿದ್ದರು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೆಕ್ಸಿಕೋ ಮೂಲದವರು. ವ್ಯಾಪಾರ ಕೈಗಾರಿಕೆಗಳು ಅತ್ಯಲ್ಪವಾದ ಆ ಜಿಲ್ಲೆಯಲ್ಲಿ ಮಗುವೊಂದಕ್ಕೆ ಲೆಕ್ಕ ಹಾಕಿದರೆ ತೆರಿಗೆಗೆ ಒಳಪಡುವ ಆಸ್ತಿಯ ಮೌಲ್ಯ 5,960 ಡಾಲರು. ಅಲಮೋ ಹೈಟ್ಸಿನಲ್ಲಿದ್ದುದು ಆರೇ ಶಾಲೆಗಳು, ಸುಮಾರು 5,000 ಮಕ್ಕಳು. ಮಗುವೊಂದಕ್ಕೆ ಆಸ್ತಿ 49,000 ಡಾಲರಿಗೂ ಮಿಗಿಲು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಡವರು ತೆರಿಗೆ ಕೊಡಲು ಹಿಂದೆಗೆದರೆಂದು ಯಾರೂ ಹೇಳುವಂತಿರಲಿಲ್ಲ. ಎಡ್ಜ್‌ವುಡ್ಡಿನವರು ನೂರು ಡಾಲರಿನ ಆಸ್ತಿಗೆ 1.05 ಡಾಲರು ತೆರುತ್ತಿದ್ದರು. ಅಲಮೋ ಹೈಟ್ಸಿನವರು 0.85 ಡಾಲರು. 1949ರ ಶಾಸನದಂತೆ ಸಂಸ್ಥಾನದ ಮೂಲ ಶಿಕ್ಷಣ ನಿಧಿಗೆ ಸಲ್ಲಬೇಕಾದ ಪಾಲನ್ನು ಸಲ್ಲಿಸಿದ ಮೇಲೆ, ಹೆಚ್ಚು ದರ ತೆತ್ತವರ ಕೈಯಲ್ಲಿ ಮಗುವೊಂದಕ್ಕೆ ಉಳಿದುದು 26 ಡಾಲರು, ಕಡಿಮೆ ತೆತ್ತವರ ಕೈಯಲ್ಲಿ 333! ಸಂಸ್ಥಾನ ಮತ್ತು ಕೇಂದ್ರ ಸರ್ಕಾರಗಳ ಸಹಾಯವನ್ನೆಲ್ಲ ಸೇರಿಸಿದರೂ ಎಡ್ಜ್‌ವುಡ್ಡಿನ ಮಗುವಿಗೆ 356 ಡಾಲರು, ಅಲಮೋ ಹೈಟ್ಸಿನ ಮಗುವಿಗೆ 594 ಡಾಲರು ದೊರೆಯುತ್ತಿದ್ದುವು.

1968ನೆಯ ಇಸವಿ ಮೇ 16ರಂದು ಎಡ್ಜ್‌ವುಡ್ ಪ್ರೌಢಶಾಲೆಯ ಸುಮಾರು ನಾನ್ನೂರು ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಟು, ಅರ್ಹ ಉಪಾಧ್ಯಾಯರೂ ಸಾಕಷ್ಟು ಸಾಮಗ್ರಿಯೂ ಬೇಕೆಂದು ಕೇಳಿದರು. ಆ ಬೇಸಿಗೆಯಲ್ಲಿಯೇ ಡೆಮೆಟ್ರಿಯೋ ರಾಡ್ರಿಗೆಸ್ ಎಂಬವರೂ ಇತರ ಕೆಲವು ತಂದೆತಾಯಿಗಳೂ ಕೇಂದ್ರ ನ್ಯಾಯಾಲಯದಲ್ಲಿ ದಾವಾ ಹೂಡಿದರು. ರಾಡ್ರಿಗೆಸರು ವಾಯುಸೇನೆಯ ನೆಲೆಯೊಂದರಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು. 1971ರ ಡಿಸೆಂಬರಿನಲ್ಲಿ ಆ ನ್ಯಾಯಾಲಯವು ವಾದಿಗಳ ಪರವಾಗಿ ತೀರ್ಪಿತ್ತಿತು. ಸಂಸ್ಥಾನವು ಸರ್ವೋಚ್ಚ ನ್ಯಾಯಸ್ಥಾನಕ್ಕೆ ಮೇಲ್ಮನವಿ ಸಲ್ಲಿಸಿತು.

1973ನೆಯ ಇಸವಿ ಮಾರ್ಚ್ 21ರಂದು ನಾಲ್ವರಿಗೆದುರಾಗಿ ಐವರ ಬಹುಮತದಿಂದ ಆ ತೀರ್ಪು ರದ್ದಾಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಲೂಯಿಸ್ ಪವೆಲ್ಲರು ಹಿಂದೆ ರಿಚ್‌ಮಂಡ್ ನಗರದ ಶಾಲಾ ಮಂಡಲಿಗೆ ಅಧ್ಯಕ್ಷರಾಗಿದ್ದವರು. ವಿದ್ಯಾಭ್ಯಾಸವು ಕೇಂದ್ರ ರಾಜ್ಯಾಂಗವು ರಕ್ಷಿಸುವ ಮೂಲಭೂತ ಹಕ್ಕುಗಳಲ್ಲಿ ಸೇರಿಲ್ಲವೆಂದೂ, ಸ್ಥಳೀಯರೇ ಶಾಲೆಗಳನ್ನು ಆಳಿಕೊಳ್ಳುವುದು ಯುಕ್ತವಾದ ಉದ್ದೇಶವೆಂದೂ, ತೆರಿಗೆಯ ಸುಧಾರಣೆ ಅವಶ್ಯವಾದರೂ ಅದು ಶಾಸನಸಭೆಗಳ ಕೆಲಸವೆಂದೂ ಅವರು ನಿರ್ಣಯಿಸಿದರು. ಭಿನ್ನಾಭಿಪ್ರಾಯವಿತ್ತವರಲ್ಲಿ ಬೈರನ್ ವೈಟರು ಕೊಟ್ಟ ಉತ್ತರವು ಮನನೀಯವಾದುದು: ತೆರಿಗೆಯನ್ನು ಎಷ್ಟು ಏರಿಸಿದರೂ ಹಣ ಹುಟ್ಟದ ಜಿಲ್ಲೆಗೆ ಸ್ಥಳೀಯ ಸ್ವಾತಂತ್ರ್ಯವೆಂಬುದು ಅರ್ಥವಿಲ್ಲದ ಮಾತು ಎಂಬುದೇ ಅದರ ತಾತ್ಪರ್ಯ.

ವ್ಯಾಜ್ಯವು ಅಲ್ಲಿಗೆ ಮುಗಿಯಲಿಲ್ಲ. ಕೇಂದ್ರ ರಾಜ್ಯಾಂಗದಲ್ಲಿ ಇಲ್ಲದ ಆಧಾರವು ಟೆಕ್ಸಾಸಿನ ಸ್ವಂತ ರಾಜ್ಯಾಂಗದಲ್ಲಿದ್ದಿತು. ಉಚಿತ ಸಾರ್ವಜನಿಕ ಶಾಲೆಗಳ ಸಮರ್ಥವಾದ ವ್ಯವಸ್ಥೆಯನ್ನು ಕಲ್ಪಿಸುವುದು ಶಾಸನಸಭೆಯ ಕರ್ತವ್ಯವೆಂದು 1876ರ ಆ ರಾಜ್ಯಾಂಗವು ವಿಧಿಸುತ್ತದೆ. ಇದನ್ನೇ ಹಿಡಿದು 1984ರಲ್ಲಿ ಎಡ್ಜ್‌ವುಡ್ ಜಿಲ್ಲೆ ಮೊದಲಾದವರು ಸಂಸ್ಥಾನದ ನ್ಯಾಯಾಲಯವನ್ನು ಹೊಕ್ಕರು. ಅತ್ಯಂತ ಶ್ರೀಮಂತ ಜಿಲ್ಲೆಗೂ ಅತ್ಯಂತ ಬಡ ಜಿಲ್ಲೆಗೂ ಆಗ ಮಗುವೊಂದರ ಲೆಕ್ಕದ ಆಸ್ತಿಯಲ್ಲಿ 700ಕ್ಕೆ 1ರಂತೆ ಅಂತರವಿದ್ದಿತು. 1989ರ ಅಕ್ಟೋಬರಿನಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯೂ ಏಕಮತದಿಂದ ಎಡ್ಜ್‌ವುಡ್ಡಿನ ಪರವಾಗಿ ತೀರ್ಪಿತ್ತರು. ಹಲವು ಶಾಸನಗಳು ಬಿದ್ದುಹೋದ ಮೇಲೆ, ಶ್ರೀಮಂತ ಜಿಲ್ಲೆಗಳ ತೆರಿಗೆಯಲ್ಲಿ ಒಂದು ಭಾಗವನ್ನು ಹಿಂದೆ ಪಡೆದು ಹಂಚುವ 1993ರ ಶಾಸನವು ನಿಂತಿತು; 1995ರಲ್ಲಿ ನ್ಯಾಯಾಲಯವೂ ಅದನ್ನು ಸ್ಥಿರಪಡಿಸಿತು. ತಿದ್ದುಪಡಿಗಳೊಡನೆ ಆ ಪದ್ಧತಿ ಇಂದಿಗೂ ನಡೆದಿದೆ. ಅಲಮೋ ಹೈಟ್ಸ್ ಜಿಲ್ಲೆಯೂ ಹೀಗೆ ಹಣ ಸಲ್ಲಿಸುವ ಜಿಲ್ಲೆಗಳಲ್ಲೊಂದು.

ಮೊದಲ ದಾವೆಯಿಂದ ಈ ಏರ್ಪಾಡಿನವರೆಗೆ ಕಾಲು ಶತಮಾನವೇ ಕಳೆಯಿತು. 1968ರಲ್ಲಿ ತರಗತಿಯನ್ನು ಬಿಟ್ಟು ಬಂದ ಮಕ್ಕಳು ಅಷ್ಟರಲ್ಲಿ ಮಕ್ಕಳ ತಂದೆತಾಯಿಗಳಾಗುವ ವಯಸ್ಸಿನವರು. ರಾಡ್ರಿಗೆಸರು 2013ರಲ್ಲಿ ತೀರಿಕೊಂಡರು. ತಮ್ಮ ಊರಿನ ಶಾಲೆಯನ್ನು ತಾವೇ ಪೋಷಿಸಬೇಕೆಂಬ ಅಭಿಮಾನವು ಶ್ಲಾಘ್ಯವಾದುದೇ. ಆದರೆ ಮನೆಯಿರುವ ಬೀದಿಯು ಎಲ್ಲೆಗೆರೆಯ ಯಾವ ಮಗ್ಗುಲಲ್ಲಿದೆಯೆಂಬುದರಿಂದ ಮಗುವಿನ ವಿದ್ಯೆ ನಿಶ್ಚಯವಾಗುವುದಾದರೆ, ಶಾಲೆಯು ಸಾರ್ವಜನಿಕವೆನಿಸುವುದು ಹೆಸರಿಗೆ ಮಾತ್ರ.